ಯಾವ ದೊಡ್ಡವರೂ ಹುಟ್ಟದ ಮನೆ

ನ್ಯೂಯಾರ್ಕ್ ನಗರಕ್ಕೆ ಹೋದವರು ನೋಡಿ ಬರುವ ಜಾಗಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಸ್ವಾತಂತ್ರ್ಯ ದೇವಿಯ ಪ್ರತಿಮೆ, ಎಂಪೈರ್ ಸ್ಟೇಟ್ ಕಟ್ಟಡ, ವಿಶ್ವಸಂಸ್ಥೆಯ ಕಚೇರಿ, ಟೈಮ್ಸ್ ಚೌಕದ ದೀಪಗಳ ಜಾತ್ರೆ. ಮ್ಯಾನ್‌ಹಟನ್ ದ್ವೀಪದ ಕೆಳಭಾಗದಲ್ಲಿ, ಪೂರ್ವದ ಅಂಚಿನಲ್ಲಿರುವ ಆರ್ಚರ್ಡ್ ಬೀದಿಯ 97ನೇ ನಂಬರಿನ ಮನೆ ಈ ಪಟ್ಟಿಯಲ್ಲಿ ಸೇರುವುದು ಅಪರೂಪ. ಐದು ಅಂತಸ್ತಿನ ಹಳೆಯ ಇಟ್ಟಿಗೆ ಕಟ್ಟಡ. ಮುಂಭಾಗದಲ್ಲಿ ಬೆಂಕಿ ಬಿದ್ದಾಗ ಇಳಿದು ಓಡಲು ಕಬ್ಬಿಣದ ಏಣಿಗಳು. ಅದೇ ಬೀದಿಯ ಹತ್ತಾರು ಕಟ್ಟಡಗಳ ನಡುವೆ ಇದನ್ನು ಗುರುತು ಹಿಡಿಯುವುದೂ ಸುಲಭವಲ್ಲ.

ಮನೆಗಳು ವಸ್ತುಸಂಗ್ರಹಾಲಯವಾಗುವುದು ಹೊಸತೇನಲ್ಲ. ಕವಿ ಹುಟ್ಟಿದ ಮನೆ, ರಾಷ್ಟ್ರನಾಯಕರು ತಂಗಿದ್ದ ಮನೆ, ರಾಜರು ಬಾಳಿದ ಅರಮನೆ ಎಲ್ಲ ದೇಶಗಳಲ್ಲೂ ಇವೆ. ಅವರು ಕುಳಿತ ಕುರ್ಚಿ, ಬರೆದ ಲೇಖನಿ, ತೊಟ್ಟ ಕೋಟು ಗಾಜಿನ ಹಿಂದೆ ಭದ್ರವಾಗಿರುತ್ತವೆ. ಆರ್ಚರ್ಡ್ ಬೀದಿಯ ಮನೆಯಲ್ಲಿ ಅಂಥವರು ಯಾರೂ ಹುಟ್ಟಲಿಲ್ಲ, ಬಾಳಲಿಲ್ಲ. 1863ರಿಂದ 1935ರವರೆಗೆ ಇಲ್ಲಿ ಬಾಡಿಗೆಗಿದ್ದವರು ದರ್ಜಿಗಳು, ಇಸ್ತ್ರಿ ಮಾಡುವವರು, ಬೂಟು ಹೊಲಿಯುವವರು, ಬಡಗಿಗಳು, ಕೆಲಸ ಕಳೆದುಕೊಂಡವರು, ಗಂಡ ಬಿಟ್ಟುಹೋದವರು. ಇಪ್ಪತ್ತಕ್ಕೂ ಹೆಚ್ಚು ದೇಶಗಳಿಂದ ಬಂದ ಸುಮಾರು 7000 ಮಂದಿ ಈ ಒಂದೇ ಕಟ್ಟಡದಲ್ಲಿ ಇದ್ದು ಹೋದರೆಂಬುದು ಒಂದು ಅಂದಾಜು. ಅವರ ಸಂಸಾರಗಳನ್ನೇ ತೋರಿಸುವ ಈ ಸಂಸ್ಥೆಯ ಹೆಸರು ಟೆನೆಮೆಂಟ್ ಮ್ಯೂಸಿಯಂ. 1988ರಲ್ಲಿ ಆರಂಭವಾದ ಇದನ್ನು ಅಮೆರಿಕ ಸರಕಾರ 1994ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕಗಳ ಸಾಲಿಗೆ ಸೇರಿಸಿತು.

ಟೆನೆಮೆಂಟ್ ಎಂದರೆ ಏನೆಂದು ನಮ್ಮ ಹಳೆ ಬೆಂಗಳೂರು, ಮೈಸೂರಿನವರಿಗೆ ಹೆಚ್ಚು ವಿವರಿಸಬೇಕಿಲ್ಲ. ವಠಾರವನ್ನು ನೆಲದಿಂದ ಎತ್ತಿ ಲಂಬವಾಗಿ ನಿಲ್ಲಿಸಿದರೆ ಟೆನೆಮೆಂಟ್ ಆಗುತ್ತದೆ. ಅದೇ ಹಂಚಿಕೊಂಡ ನೀರು, ಅದೇ ಹಂಚಿಕೊಂಡ ಕಕ್ಕಸು, ಗೋಡೆಯಾಚೆಯ ಜಗಳ ಈಚೆಗೆ ಕೇಳುವ ಅದೇ ಬಾಳು. 97ನೇ ನಂಬರಿನ ಕಟ್ಟಡವನ್ನು ಕಟ್ಟಿಸಿದಾತ ಲೂಕಸ್ ಗ್ಲಾಕ್ನರ್ ಎಂಬ ಜರ್ಮನ್ ದರ್ಜಿ. ಸೂಜಿ ಹಿಡಿದು ದುಡಿದ ಹಣದಲ್ಲಿ ಮನೆ ಕಟ್ಟಿ ಬಾಡಿಗೆಗೆ ಬಿಟ್ಟ. ತಾನೂ ಸಂಸಾರ ಸಮೇತ ಅಲ್ಲೇ ಇದ್ದ. ಒಂದೊಂದು ಅಂತಸ್ತಿನಲ್ಲಿ ನಾಲ್ಕು ಬಿಡಾರ. ಒಂದು ಬಿಡಾರಕ್ಕೆ ಮೂರು ಕೋಣೆ, ಮೂರೂ ಸೇರಿ 325 ಚದರಡಿಯಷ್ಟು. ಹೊರಗಿನ ಬೆಳಕು ಬೀಳುತ್ತಿದ್ದುದು ಒಂದು ಕೋಣೆಗೆ ಮಾತ್ರ. ನಡುವಿನ ಅಡುಗೆಮನೆ ಮಬ್ಬು, ಅದರಾಚೆಯ ಮಲಗುವ ಕೋಣೆ ಹಗಲಲ್ಲೂ ಕತ್ತಲೆ. ಇಷ್ಟರಲ್ಲಿ ಆರೇಳು ಜನ, ಕೆಲವೊಮ್ಮೆ ಇನ್ನೂ ಹೆಚ್ಚು.

ಕಟ್ಟಿದಾಗ ಒಳಗೆ ನಲ್ಲಿಯಿರಲಿಲ್ಲ. ಹಿತ್ತಲಿನಿಂದ ಕೊಡ ಹೊತ್ತು ಐದನೇ ಅಂತಸ್ತಿಗೆ ಹತ್ತಬೇಕಿತ್ತು. ಕಕ್ಕಸುಗಳೂ ಹಿತ್ತಲಲ್ಲೇ. ಇಂಥ ಮನೆಗಳ ಫೋಟೋ ತೆಗೆದು ಜೇಕಬ್ ರೀಸ್ ಎಂಬ ಪತ್ರಕರ್ತ 1890ರಲ್ಲಿ ಪುಸ್ತಕ ಹೊರತಂದ ಮೇಲೆ ಊರಿನ ಉಳ್ಳವರಿಗೆ ಈ ಬದುಕಿನ ಅರಿವು ಸ್ವಲ್ಪ ಮಟ್ಟಿಗೆ ಆಯಿತು. 1901ರಲ್ಲಿ ಕಠಿಣ ಕಾನೂನು ಬಂತು. ಆಮೇಲೆಯೇ ಅಂತಸ್ತಿಗೆ ಎರಡರಂತೆ ಒಳಗೆ ಪಾಯಿಖಾನೆ ಬಂದದ್ದು, ಒಳಗೋಡೆಗಳನ್ನು ಒಡೆದು ಕಿಟಕಿ ಇಟ್ಟು ಬೆಳಕು ಹಾಯಿಸಿದ್ದು. ವಿದ್ಯುತ್ ದೀಪ ಹತ್ತಿದ್ದು 1924ರ ಸುಮಾರಿಗೆ. ಎತ್ತರದ ಕಟ್ಟಡಗಳಿಗೆ ಜಗತ್ತಿಗೇ ಹೆಸರಾದ ಊರಿನಲ್ಲಿ ಎಂಬುದನ್ನು ನೆನಪಿಡಬೇಕು!

ಐವತ್ತಮೂರು ವರ್ಷದ ಬೀಗ

1935ರಲ್ಲಿ ಮತ್ತೆ ಹೊಸ ನಿಯಮಗಳು ಬಂದವು. ಮರದ ಮೆಟ್ಟಿಲು ತೆಗೆದು ಬೆಂಕಿಗೆ ಜಗ್ಗದ ಮೆಟ್ಟಿಲು ಹಾಕಬೇಕು. ಮಾಲೀಕನಿಗೆ ಆ ಖರ್ಚು ಬೇಡವಾಯಿತು. ಬಾಡಿಗೆದಾರರನ್ನು ಖಾಲಿ ಮಾಡಿಸಿ ಮೇಲಿನ ಅಂತಸ್ತುಗಳನ್ನು ಮುಚ್ಚಿಬಿಟ್ಟ. ಕೆಳಗಿನ ಅಂಗಡಿಗಳು ಮಾತ್ರ ವ್ಯಾಪಾರ ಮುಂದುವರಿಸಿದವು. ಮೇಲೆ ಐವತ್ತಮೂರು ವರ್ಷ ಯಾರೂ ವಾಸಿಸಲಿಲ್ಲ.

1988ರಲ್ಲಿ ರೂತ್ ಏಬ್ರಮ್ ಎಂಬ ಇತಿಹಾಸಕಾರ್ತಿ ಮತ್ತು ಅವರ ಜೊತೆಗಾತಿ ಅನಿತಾ ಜೇಕಬ್‌ಸನ್ ವಲಸಿಗರ ಸಂಗ್ರಹಾಲಯಕ್ಕಾಗಿ ಈ ಭಾಗದಲ್ಲಿ ಜಾಗ ಹುಡುಕುತ್ತಿದ್ದರು. ಬಾಡಿಗೆಗಿದ್ದ ಅಂಗಡಿಯೊಂದನ್ನು ನೋಡಲು ಬಂದಾಗ ಅದರ ಹಿಂದೆ ಹಳೆಯ ನಡುಮನೆ, ಮೆಟ್ಟಿಲು, ಮೇಲೆ ಬಿಟ್ಟದ್ದು ಬಿಟ್ಟಂತೆಯೇ ಉಳಿದ ಬಿಡಾರಗಳು ಕಂಡವು. ಗೋಡೆಗಳಲ್ಲಿ ಒಂದರ ಮೇಲೊಂದು ಅಂಟಿಸಿದ ಬಣ್ಣದ ಕಾಗದಗಳು, ಕೆಲವು ಕಡೆ ಇಪ್ಪತ್ತು ಪದರಗಳವರೆಗೆ. ಹೊಸ ಸಂಸಾರ ಬಂದಾಗ ಹಳೆಯದನ್ನು ಕೀಳುವ ಬದಲು ಅದರ ಮೇಲೇ ಹೊಸದನ್ನು ಅಂಟಿಸುತ್ತಿದ್ದರು. ಮರದ ವಯಸ್ಸನ್ನು ಉಂಗುರ ಎಣಿಸಿ ಹೇಳುವಂತೆ ಈ ಮನೆಯ ವಯಸ್ಸನ್ನು ಕಾಗದ ಎಣಿಸಿ ಹೇಳಬಹುದು.

ಇಷ್ಟಾದ ಮೇಲೆ ದೊಡ್ಡ ಪ್ರಶ್ನೆ ಎದುರಾಯಿತು. ಇಲ್ಲಿದ್ದವರು ಯಾರು? ರಾಜನ ಅರಮನೆಗೆ ಶಾಸನವಿದೆ, ಕವಿಯ ಮನೆಗೆ ಆತ್ಮಕಥೆಯಿದೆ. ಬಾಡಿಗೆ ಮನೆಯಲ್ಲಿದ್ದ ದರ್ಜಿಯ ಬಗ್ಗೆ ಯಾರು ಬರೆದಿಟ್ಟಿರುತ್ತಾರೆ? ಸಂಶೋಧಕರು ಜನಗಣತಿಯ ಪುಸ್ತಕ, ಹಡಗಿನ ಪ್ರಯಾಣಿಕರ ಪಟ್ಟಿ, ಜನನ ಮರಣದ ದಾಖಲೆ, ನ್ಯಾಯಾಲಯದ ಕಡತ, ಕಾರ್ಖಾನೆ ತಪಾಸಣಾಧಿಕಾರಿಯ ವರದಿ, ನಗರದ ಡೈರೆಕ್ಟರಿ ಎಲ್ಲವನ್ನೂ ಜಾಲಾಡಿದರು. ಇತಿಹಾಸವೆಂದರೆ ಇಸವಿ ಬಾಯಿಪಾಠ ಮಾಡುವುದು ಎಂದುಕೊಂಡು ಬೇಸರಪಡುವ ವಿದ್ಯಾರ್ಥಿಗಳಿಗೆ ಈ ಹುಡುಕಾಟದ ಕಥೆಯೊಂದನ್ನಾದರೂ ಹೇಳಬೇಕು.

ಅದು ನತಾಲಿ ಗುಂಪರ್ಟ್ಸ್ ಎಂಬ ಹೆಣ್ಣುಮಗಳ ಕಥೆ. ಪ್ರಷ್ಯಾದಿಂದ ಬಂದವಳು. ಗಂಡ ಜೂಲಿಯಸ್ ಬೂಟಿನ ಹಿಮ್ಮಡಿ ಕತ್ತರಿಸುವ ಕೆಲಸ ಮಾಡುತ್ತಿದ್ದ. 1873ರಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ ಭಾರಿ ಆರ್ಥಿಕ ಕುಸಿತವಾಯಿತು. ಕೈಗೆ ಕೆಲಸ ಸಿಗುವುದೇ ದುಸ್ತರವಾದ ಕಾಲ. 1874ರ ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ಕೆಲಸಕ್ಕೆಂದು ಮನೆಯಿಂದ ಹೊರಟ ಜೂಲಿಯಸ್ ಮತ್ತೆ ಬರಲಿಲ್ಲ. ಸತ್ತನೋ, ಓಡಿಹೋದನೋ, ಗೊತ್ತಿಲ್ಲ. ನತಾಲಿಯ ಮಡಿಲಲ್ಲಿ ಮೂವರು ಹೆಣ್ಣುಮಕ್ಕಳು, ಒಂದು ಗಂಡು ಕೂಸು. ಮರುವರ್ಷ ಆ ಕೂಸೂ ತೀರಿಕೊಂಡಿತು. ಆಕೆ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಹೆಂಗಸರ ಉಡುಪು ಹೊಲಿಯತೊಡಗಿದಳು. ಮಕ್ಕಳನ್ನು ಶಾಲೆಗೂ ಕಳಿಸಿದಳು.

ಇದೆಲ್ಲ ತಿಳಿದದ್ದು ಹೇಗೆ? ಒಂಬತ್ತು ವರ್ಷದ ನಂತರ, 1883ರಲ್ಲಿ, ಜೂಲಿಯಸ್‌ನ ತಂದೆ ಪ್ರಷ್ಯಾದಲ್ಲಿ ತೀರಿಕೊಂಡು ಮಗನ ಪಾಲಿಗೆ 600 ಡಾಲರ್ ಬಿಟ್ಟುಹೋಗಿದ್ದ. ಆ ಹಣ ನತಾಲಿಗೆ ಸೇರಬೇಕಾದರೆ ಗಂಡ ಸತ್ತಿದ್ದಾನೆಂದು ಕಾನೂನಿನ ಪ್ರಕಾರ ಘೋಷಣೆಯಾಗಬೇಕು. ಆಕೆ ನ್ಯಾಯಾಲಯಕ್ಕೆ ಹೋದಳು. ಗಂಡ ಹೊರಟ ದಿನ ಏನಾಯಿತು, ತಾನು ಎಲ್ಲೆಲ್ಲಿ ಹುಡುಕಿದೆ ಎಂದು ಪ್ರಮಾಣ ಮಾಡಿ ಹೇಳಿದಳು. ಗುಮಾಸ್ತನೊಬ್ಬ ಬರೆದುಕೊಂಡ. ಆ ಕಡತ ನೂರು ವರ್ಷ ಕಪಾಟಿನಲ್ಲಿದ್ದು, ಕಡೆಗೆ ಸಂಶೋಧಕರ ಕೈಗೆ ಸಿಕ್ಕಿತು. ಆರುನೂರು ಡಾಲರ್ ಕೈಸೇರಿದ ಮೇಲೆ ಆಕೆ ಮಕ್ಕಳೊಂದಿಗೆ ಊರಿನ ಮೇಲ್ಭಾಗದ ಇನ್ನೂ ಉತ್ತಮ ಬಡಾವಣೆಗೆ ಬಿಡಾರ ಬದಲಿಸಿದಳು. ಗಂಡನನ್ನು ಕಾಗದದ ಮೇಲೆ ಸಾಯಿಸಿ ಮಕ್ಕಳಿಗೆ ಬಾಳು ಕಟ್ಟಿಕೊಡಬೇಕಾದ ಈ ತಾಯಿಯ ಕೋಣೆ ಇಂದು ಅವಳ ಕಾಲದಲ್ಲಿದ್ದಂತೆಯೇ ಸಜ್ಜಾಗಿ ನಿಂತಿದೆ. ಮೇಜಿನ ಮೇಲೆ ಅರ್ಧ ಹೊಲಿದ ಬಟ್ಟೆ.

ಪಕ್ಕದ ಬಿಡಾರಗಳಲ್ಲಿ ಬೇರೆ ಬೇರೆ ಕಾಲ. ಐರ್ಲೆಂಡಿನಿಂದ ಬಂದ ಮೂರ್ ದಂಪತಿಗಳ ಮನೆಯಲ್ಲಿ 1869ರ ವಸಂತ. ಎಳೆಗೂಸು ಪೌಷ್ಟಿಕಾಂಶವಿಲ್ಲದೆ ಕಣ್ಣುಮುಚ್ಚಿದೆ. ಆ ಕಾಲದಲ್ಲಿ ನಗರದಲ್ಲಿ ಮಾರುತ್ತಿದ್ದ ಹಾಲು ಕಲಬೆರಕೆಯದು. ಹೆಂಡದ ಭಟ್ಟಿಯ ಗಸಿ ತಿಂದು ಬದುಕಿದ ರೋಗಿಷ್ಠ ಹಸುಗಳ ಹಾಲು ಎಷ್ಟೋ ಕೂಸುಗಳ ಪ್ರಾಣ ತೆಗೆದಿತ್ತು. ಪೋಲೆಂಡಿನ ಲೆವಿನ್ ಸಂಸಾರದ ಬಿಡಾರ ಮನೆಯೂ ಹೌದು, ಕಾರ್ಖಾನೆಯೂ ಹೌದು. ಒಲೆಯ ಮೇಲೆ ಒಂದು ಕಡೆ ಅಡುಗೆ, ಇನ್ನೊಂದು ಕಡೆ ಇಸ್ತ್ರಿಪೆಟ್ಟಿಗೆ. ಕೂಲಿಯವರೂ ಮಕ್ಕಳೂ ಅದೇ ಗಾಳಿ ಉಸಿರಾಡಬೇಕು. ನೆಲಮಾಳಿಗೆಯಲ್ಲಿ ಜರ್ಮನ್ ದಂಪತಿಗಳು ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಡೆಸಿದ ಬಿಯರ್ ಅಂಗಡಿಯೂ ಉಂಟು.

ಶುಕ್ರವಾರದ ದೀಪ

ಕೆಲವು ಮನೆಗಳಿಗೆ ಕಡತವಷ್ಟೇ ಅಲ್ಲ, ದನಿಯೂ ಸಿಕ್ಕಿತು. 1928ರಿಂದ ಕಟ್ಟಡ ಮುಚ್ಚುವವರೆಗೆ ಇಲ್ಲಿದ್ದ ಬಾಲ್ಡಿಝಿ ಕುಟುಂಬದವರು ಇಟಲಿಯ ಸಿಸಿಲಿಯವರು. ತಂದೆ ಅಡಾಲ್ಫೊ ಕುಶಲ ಬಡಗಿ. ಆದರೆ ಮೂವತ್ತರ ದಶಕದ ಮಹಾ ಮುಗ್ಗಟ್ಟಿನಲ್ಲಿ ಒಳ್ಳೆಯ ಪೀಠೋಪಕರಣ ಯಾರಿಗೆ ಬೇಕು? ತಾಯಿ ರೊಸಾರಿಯಾ ಕೋಟುಗಳಿಗೆ ಒಳಬಟ್ಟೆ ಹೊಲಿಯಲು ಕಾರ್ಖಾನೆಗೆ ಹೋಗತೊಡಗಿದಳು. ಮನೆ ಎಷ್ಟು ಚಿಕ್ಕದಾದರೂ ತಿಕ್ಕಿ ತೊಳೆದು ಥಳಥಳ ಹೊಳೆಯುವಂತೆ ಇಡುವುದರಲ್ಲಿ ಆಕೆ ನೆರೆಹೊರೆಗೆಲ್ಲ ಹೆಸರುವಾಸಿ. ಸರಕಾರದ ಪರಿಹಾರವಾಗಿ ಬಂದ ಚೀಸಿನ ಮರದ ಪೆಟ್ಟಿಗೆ ಖಾಲಿಯಾದ ಮೇಲೆ ಅದಕ್ಕೇ ಮಣ್ಣು ತುಂಬಿ ಕಿಟಕಿಯಲ್ಲಿ ಹೂ ಬೆಳೆಸಿದರು.

ಇವರ ಮಗಳು ಜೋಸೆಫಿನ್ ಮುದುಕಿಯಾದ ಮೇಲೆ ತನ್ನ ಬಾಲ್ಯದ ಮನೆ ಸಂಗ್ರಹಾಲಯವಾಗುತ್ತಿರುವುದನ್ನು ತಿಳಿದು ಬಂದರು. ಯಾವ ಮೂಲೆಯಲ್ಲಿ ಏನಿತ್ತು, ಯಾರು ಎಲ್ಲಿ ಮಲಗುತ್ತಿದ್ದರು ಎಂದು ನೆನಪಿನಿಂದ ಹೇಳಿದರು. ಅವರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳಲಾಯಿತು. 1994ರಲ್ಲಿ ಬಿಡಾರ ಸಾರ್ವಜನಿಕರಿಗೆ ತೆರೆದಾಗಿನಿಂದ ನೋಡಲು ಬಂದವರಿಗೆ ಆ ದನಿಯನ್ನೂ ಕೇಳಿಸುತ್ತ ಬಂದಿದ್ದಾರೆ.

ಜೋಸೆಫಿನ್ ಹೇಳಿದ ಸಂಗತಿಗಳಲ್ಲಿ ಒಂದು ಮರೆಯುವಂಥದಲ್ಲ. ಅದೇ ಕಟ್ಟಡದಲ್ಲಿ ಲಿಥುವೇನಿಯಾದಿಂದ ಬಂದ ಯೆಹೂದಿ ಹೆಂಗಸು ಫ್ಯಾನಿ ರೊಗಾರ್ಶೆವ್‌ಸ್ಕಿ ಇದ್ದಳು. ಇಸ್ತ್ರಿ ಕೆಲಸ ಮಾಡುತ್ತಿದ್ದ ಗಂಡ 1918ರಲ್ಲಿ ಕ್ಷಯದಿಂದ ತೀರಿಕೊಂಡ ಮೇಲೆ ಬಾಡಿಗೆಯ ಬದಲಿಗೆ ಕಟ್ಟಡ ಗುಡಿಸಿ ಒರೆಸುವ ಕೆಲಸ ಹಿಡಿದು ಮಕ್ಕಳನ್ನು ಸಾಕಿದವಳು. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಯೆಹೂದಿಗಳ ಸಬ್ಬತ್ ಆರಂಭ. ಮಡಿವಂತರು ದೀಪ ಹೊತ್ತಿಸುವಂತಿಲ್ಲ. ಆಗ ಫ್ಯಾನಿ ಕಿಟಕಿಯಿಂದ ಕೈ ಬೀಸುತ್ತಿದ್ದಳು. ಕ್ರೈಸ್ತ ಹುಡುಗಿ ಜೋಸೆಫಿನ್ ಓಡಿಹೋಗಿ ಆ ಮನೆಯ ದೀಪ ಹಾಕಿ ಬರುತ್ತಿದ್ದಳು. ಆ ಕೆಲಸ ತನಗೆ ಒಂದು ಹೆಮ್ಮೆಯಾಗಿತ್ತೆಂದು ಆಕೆ ನೆನೆಯುತ್ತಿದ್ದರು. ಬೇರೆ ಬೇರೆ ದೇಶ, ಭಾಷೆ, ದೇವರು. ನಡುವೆ ಒಂದು ವಿದ್ಯುತ್ ಗುಂಡಿ.

ಈ ಮನೆಯಲ್ಲಿ ಒಬ್ಬೊಬ್ಬರೇ ಮನಬಂದಂತೆ ಅಡ್ಡಾಡುವಂತಿಲ್ಲ. ಹದಿನೈದರ ಆಸುಪಾಸಿನ ಗುಂಪು, ಜೊತೆಗೆ ಒಬ್ಬ ಮಾರ್ಗದರ್ಶಿ. ಒಂದು ಸುತ್ತಿನಲ್ಲಿ ಒಂದೆರಡು ಬಿಡಾರ ಮಾತ್ರ. ಎಲ್ಲವನ್ನೂ ಒಂದೇ ಏಟಿಗೆ ನೋಡಿ ಮುಗಿಸುತ್ತೇನೆಂದರೆ ಆಗದು. ಸಂಗ್ರಹಾಲಯದ ಜೀವ ಇರುವುದು ಗಾಜಿನ ಪೆಟ್ಟಿಗೆಯಲ್ಲಲ್ಲ, ಮಾರ್ಗದರ್ಶಿಯ ಬಾಯಲ್ಲಿ. ಅವರು ಭಾಷಣ ಬಿಗಿಯುವುದಿಲ್ಲ. ಮಕ್ಕಳ ಕೈಗೆ ಹಳೆಯ ಫೋಟೋದ ನಕಲು ಕೊಟ್ಟು ಏನು ಕಾಣುತ್ತದೆಂದು ಕೇಳುತ್ತಾರೆ. ಈ ಕೋಣೆಯಲ್ಲಿ ಏಳು ಜನ ಮಲಗಬೇಕಾದರೆ ಹೇಗೆ ಮಲಗಿಸುತ್ತೀರಿ ಎನ್ನುತ್ತಾರೆ. ಗುಂಪಿನಲ್ಲಿ ಯಾರದೋ ಅಜ್ಜಿ ಇಂಥದೇ ಮನೆಯಲ್ಲಿದ್ದಿರುತ್ತಾಳೆ. ಮಾತು ಅಲ್ಲಿಂದ ಎತ್ತಲೋ ಹರಿಯುತ್ತದೆ.

ಎಲ್ಲಕ್ಕಿಂತ ಮಕ್ಕಳಿಗೆ ಹಿಡಿಸಿದ್ದು ಕನ್ಫಿನೊ ಮನೆ. ಈಗ ಗ್ರೀಸ್ ದೇಶದಲ್ಲಿರುವ ಕಸ್ತೋರಿಯಾ ಎಂಬ ಊರಿನ ಯೆಹೂದಿ ಕುಟುಂಬ ಅದು. ಅಲ್ಲಿ ಹದಿನಾಲ್ಕು ವರ್ಷದ ವಿಕ್ಟೋರಿಯಾಳ ವೇಷದಲ್ಲಿ ನಟಿಯೊಬ್ಬಳು ಕುಳಿತಿರುತ್ತಿದ್ದಳು. ಕಾಲ 1916. ಬಂದ ವಿದ್ಯಾರ್ಥಿಗಳು ಆಗತಾನೇ ಹಡಗಿನಿಂದಿಳಿದ ವಲಸಿಗರೆಂದು ಭಾವಿಸಿಕೊಂಡು ಆಕೆಯನ್ನು ಪ್ರಶ್ನೆ ಕೇಳಬೇಕು: ಕೆಲಸ ಎಲ್ಲಿ ಸಿಗುತ್ತದೆ, ಶಾಲೆಗೆ ಶುಲ್ಕ ಎಷ್ಟು, ಸ್ನಾನ ಎಲ್ಲಿ ಮಾಡುವುದು. ಅಲ್ಲಿನ ಪಾತ್ರೆ, ಬಟ್ಟೆಗಳನ್ನು ಮುಟ್ಟಿ ನೋಡಬಹುದು. ‘ಮುಟ್ಟಬೇಡಿ’ ಎಂಬ ಫಲಕವೇ ಮೊದಲ ಪಾಠವಾಗುವ ನಮ್ಮ ಎಷ್ಟೋ ಸಂಗ್ರಹಾಲಯಗಳು ಇದನ್ನು ಗಮನಿಸಿದರೆ ನಷ್ಟವೇನೂ ಇಲ್ಲ.

ಶಾಲೆಗಳ ಜೊತೆಗಿನ ಕೆಲಸ ಮನೆಯ ಬಾಗಿಲಿಗೇ ನಿಲ್ಲುವುದಿಲ್ಲ. ವಿದ್ಯಾರ್ಥಿ ತನ್ನ ಮನೆಯ ಯಾವುದಾದರೂ ಒಂದು ವಸ್ತುವನ್ನು ಆರಿಸಿ, ಅದು ಯಾರ ಕೈಯಿಂದ ಹೇಗೆ ಬಂತು ಎಂದು ಹಿರಿಯರನ್ನು ಕೇಳಿ ಬರೆದು, ಚಿತ್ರದೊಂದಿಗೆ ಸಂಗ್ರಹಾಲಯದ ಗಣಕ ಭಂಡಾರಕ್ಕೆ ಸೇರಿಸಬಹುದು. ಹೊಲಿಗೆ ಯಂತ್ರ, ಅಡುಗೆ ಪಾತ್ರೆ, ಬಳೆ, ಹಳೆಯ ಚಿತ್ರಪಟ ಏನಾದರೂ ಸರಿ. ಇದಕ್ಕೆ ನ್ಯೂಯಾರ್ಕೇ ಬೇಕೆಂದಿಲ್ಲ. ಅಟ್ಟದ ಮೇಲೆ ತುಕ್ಕು ಹಿಡಿಯುತ್ತಿರುವ ಹಾಲಿನ ಕ್ಯಾನು, ಅಜ್ಜಿಯ ಬೀಸುವ ಕಲ್ಲು ನಮ್ಮ ಮನೆಗಳಲ್ಲೂ ಇವೆ. ಬೇಸಿಗೆ ರಜೆಯಲ್ಲಿ ಕೇಳಿ ಬರೆದುಕೊಳ್ಳುವ ಮಕ್ಕಳಿದ್ದರೆ ಹೇಳುವ ಹಿರಿಯರೂ ಇದ್ದಾರೆ.

ಆರ್ಚರ್ಡ್ ಬೀದಿಯ ಸುತ್ತಮುತ್ತ ಇಂದಿಗೂ ವಲಸಿಗರೇ. ಹಿಂದೆ ಜರ್ಮನರು, ಐರಿಷರು, ಆಮೇಲೆ ಯೆಹೂದಿಗಳು, ಇಟಲಿಯವರು; ಬಳಿಕ ಪೋರ್ಟೊರಿಕೊ, ಡೊಮಿನಿಕನ್ ಗಣರಾಜ್ಯ, ಚೀನಾದಿಂದ ಬಂದವರು. ಸತ್ತ ವಲಸಿಗರನ್ನು ಕೊಂಡಾಡಿ ಬದುಕಿರುವ ವಲಸಿಗರನ್ನು ಮರೆತರೆ ಏನು ಪ್ರಯೋಜನ ಎಂಬ ಪ್ರಶ್ನೆ ರೂತ್ ಏಬ್ರಮ್ ಅವರನ್ನು ಆರಂಭದಿಂದಲೇ ಕಾಡಿತ್ತು. ಆದ್ದರಿಂದ ಹೊಸದಾಗಿ ಬಂದವರಿಗೆ ಇಂಗ್ಲಿಷ್ ಕಲಿಸುವ ತರಗತಿಗಳನ್ನು ಈ ಮನೆಯ ಕಥೆಗಳನ್ನೇ ಪಾಠವಾಗಿಟ್ಟುಕೊಂಡು ನಡೆಸಿದರು. ನೂರು ವರ್ಷದ ಹಿಂದೆ ಬಂದ ಹೆಂಗಸಿನ ಪಾಡು ಓದಿದಾಗ ಇಂದು ಬಂದವಳಿಗೆ ಹೇಳಲು ಮಾತು ತಾನಾಗಿ ಸಿಗುತ್ತದೆ. ಬಾಡಿಗೆ, ಶಾಲೆ, ಆಸ್ಪತ್ರೆ, ಕಾನೂನಿನ ಹಕ್ಕುಗಳ ಬಗ್ಗೆ ವಲಸಿಗರಿಗೆ ಬೇಕಾದ ಮಾಹಿತಿಯ ಕೈಪಿಡಿಯೊಂದು 2004ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಹಕಾರದಲ್ಲಿ ಇಂಗ್ಲಿಷ್, ಸ್ಪ್ಯಾನಿಷ್, ಚೀನೀ ಭಾಷೆಗಳಲ್ಲಿ ಹೊರಬಂತು.

ಅದೇ ಕಾಲದಲ್ಲಿ ‘ಅಡುಗೆಮನೆ ಮಾತುಕತೆ’ ಎಂಬ ಕಾರ್ಯಕ್ರಮವೂ ಶುರುವಾಯಿತು. ಮನೆಯ ಸುತ್ತು ಮುಗಿಸಿದವರು ತಿಂಡಿ ಪಾನೀಯಗಳೊಂದಿಗೆ ಒಂದು ಮೇಜಿನ ಸುತ್ತ ಕುಳಿತು, ಹೊರಗಿನವರನ್ನು ದೇಶದೊಳಗೆ ಬಿಡಬೇಕೆ, ಎಷ್ಟು ಬಿಡಬೇಕು, ಬಂದವರು ತಮ್ಮ ಭಾಷೆ ಬಿಡಬೇಕೆ ಎಂದು ಚರ್ಚಿಸುವುದು. ಪರಸ್ಪರ ಪರಿಚಯವಿಲ್ಲದವರು, ಎದುರುಬದುರು ಅಭಿಪ್ರಾಯದವರು. ಮುಖ ಕೆಂಪಗಾಗುವ ಮಾತುಗಳೂ ಬರುವ ವಿಷಯವೇ ಸರಿ. ಆದರೂ ಟಿವಿಯ ಮುಂದೆ ಕೂಗಾಡುವುದಕ್ಕಿಂತ ಕುಳಿತು ಜಗಳವಾಡುವುದು ಮೇಲು. ಸಂಜೆ ಹೊತ್ತು ಲೇಖಕರು, ಇತಿಹಾಸಕಾರರು ಬಂದು ಊರಿನ ಕಥೆಗಳನ್ನು ಮಾತಾಡುವ ಗೋಷ್ಠಿಗಳೂ ನಡೆಯುತ್ತ ಬಂದಿವೆ. 1999ರಲ್ಲಿ ಇಂಥದೇ ಕಾಳಜಿಯ ಒಂಬತ್ತು ಸಂಸ್ಥೆಗಳು ಸೇರಿ ಒಂದು ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡವು. ಅದರಲ್ಲಿ ದಕ್ಷಿಣ ಆಫ್ರಿಕಾದ ಡಿಸ್ಟ್ರಿಕ್ಟ್ ಸಿಕ್ಸ್ ಸಂಗ್ರಹಾಲಯವಿತ್ತು, ನಮ್ಮ ನೆರೆಯ ಢಾಕಾದ ವಿಮೋಚನಾ ಯುದ್ಧ ಸಂಗ್ರಹಾಲಯವೂ ಇತ್ತು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ಪಕ್ಕದ 99ನೇ ನಂಬರಿನ ಕಟ್ಟಡವೂ ಬೇಕೆಂದು ಸಂಗ್ರಹಾಲಯ 2002ರ ಸುಮಾರಿಗೆ ಸರಕಾರದ ಮೂಲಕ ಅದನ್ನು ಭೂಸ್ವಾಧೀನ ಮಾಡಿಸಿಕೊಳ್ಳಲು ಮುಂದಾಯಿತು. ಜನ ಹೆಚ್ಚಾಗಿದ್ದಾರೆ, ಅಂಗವಿಕಲರಿಗೆ ಲಿಫ್ಟ್ ಬೇಕು ಎಂಬುದು ಅದರ ವಾದ. ಮಾಲೀಕರು ಒಪ್ಪಲಿಲ್ಲ. ಮನೆ ಕಳೆದುಕೊಂಡವರ ಕಥೆ ಹೇಳುವ ಸಂಸ್ಥೆಯೇ ಇನ್ನೊಬ್ಬರ ಮನೆ ಬಿಡಿಸುವುದೆ ಎಂದು ಪತ್ರಿಕೆಗಳು ಕೇಳಿದವು. ಕೇಳಬೇಕಾದ ಪ್ರಶ್ನೆಯೇ. ಆ ಪ್ರಯತ್ನ ಕೈಗೂಡಲಿಲ್ಲ. ಮಾರ್ಗದರ್ಶಿಗಳು 2019ರಲ್ಲಿ ಕಾರ್ಮಿಕ ಸಂಘ ಕಟ್ಟಿಕೊಂಡರು. ಬಟ್ಟೆ ಕಾರ್ಖಾನೆಯ ಹೆಣ್ಣುಮಕ್ಕಳ ಮುಷ್ಕರದ ಕಥೆಯನ್ನು ದಿನವೂ ಹೇಳುವವರಿಗೆ ಅದು ಹೊಳೆಯದಿದ್ದರೆ ಆಶ್ಚರ್ಯ. ಮರುವರ್ಷ ಕೊರೊನಾ ಬಂದು ಬಾಗಿಲು ಮುಚ್ಚಿತು. ಟಿಕೆಟಿನ ಹಣವೇ ದೊಡ್ಡ ಆದಾಯವಾಗಿದ್ದ ಸಂಸ್ಥೆ ಮಾರ್ಗದರ್ಶಿಗಳಲ್ಲಿ ಬಹುಪಾಲು ಮಂದಿಯನ್ನು ಕೆಲಸದಿಂದ ತೆಗೆಯಿತು.

ಇನ್ನೊಂದು ಪ್ರಶ್ನೆ ಎತ್ತಿದವರು ಮಾರ್ಗದರ್ಶಿಗಳು ಮತ್ತು ನೋಡಲು ಬಂದವರೇ. ಐರಿಷ್ ಮೂರ್ ಅವರ ಕಥೆ ಹೇಳುವಾಗ ಆ ಕಾಲದ ನಗರ ಡೈರೆಕ್ಟರಿಯ ಪುಟವನ್ನು ತೋರಿಸುತ್ತಿದ್ದರು. ಅದರಲ್ಲಿ ಜೋಸೆಫ್ ಮೂರ್ ಎಂಬ ಹೆಸರಿನ ಒತ್ತಿಗೇ ಇನ್ನೊಬ್ಬ ಜೋಸೆಫ್ ಮೂರ್. ಇಬ್ಬರೂ ಬಡಿಸುವ ಕೆಲಸದವರು. ಆದರೆ ಎರಡನೆಯವನ ಹೆಸರಿನ ಮುಂದೆ ಆತ ‘ಬಣ್ಣದವ’ ಎಂಬ ಗುರುತು. ಈತ ಯಾರು, ಕಪ್ಪು ಜನರ ಕಥೆ ಈ ಮನೆಯಲ್ಲೇಕಿಲ್ಲ ಎಂದು ಜನ ಕೇಳತೊಡಗಿದರು. 97ನೇ ನಂಬರಿನಲ್ಲಿ ಆತ ಎಂದೂ ಇರಲಿಲ್ಲ. ಅವನ ಮನೆ ಸ್ವಲ್ಪ ದೂರದ ಬೇರೆ ಬೀದಿಯಲ್ಲಿತ್ತು. ಇಲ್ಲಿದ್ದವರ ಕಥೆ ಮಾತ್ರ ಹೇಳುವುದು ಎಂಬ ತನ್ನದೇ ನಿಯಮವನ್ನು ಸಂಗ್ರಹಾಲಯ ಮುರಿಯಿತು. ಜೋಸೆಫ್ ಮತ್ತು ಆತನ ಹೆಂಡತಿ ರೇಚಲ್ ಅವರ ಬಿಡಾರವನ್ನು ಐದನೇ ಅಂತಸ್ತಿನಲ್ಲಿ ಹೊಸದಾಗಿ ರೂಪಿಸಿ 2023ರ ಡಿಸೆಂಬರಿನಲ್ಲಿ ತೆರೆಯಿತು. ಇರದವನನ್ನು ಇದ್ದಂತೆ ತೋರಿಸುವುದು ಇತಿಹಾಸವಾದೀತೆ ಎಂದು ಆಕ್ಷೇಪಿಸುವವರಿಗೂ ಕಾರಣವಿದೆ. ಆದರೆ ಎಲ್ಲಿಂದ ತಂದದ್ದೆಂಬುದನ್ನು ಮುಚ್ಚಿಡದೆ ಹೇಳಿ ತೋರಿಸುವುದರಿಂದ ಇಲ್ಲಿ ಮೋಸವಿಲ್ಲ. ಅವನಿಗೆ ಬಾಡಿಗೆ ಮನೆ ಎಲ್ಲೆಲ್ಲಿ ಸಿಗುತ್ತಿತ್ತು, ಎಲ್ಲಿ ಸಿಗುತ್ತಿರಲಿಲ್ಲ ಎಂಬುದೂ ಈ ಬೀದಿಯ ಇತಿಹಾಸವೇ ತಾನೆ.

ಭಾರತೀಯರ ಹೆಸರು ಈ ಮನೆಯ ಹಳೆಯ ಪಟ್ಟಿಗಳಲ್ಲಿ ಹುಡುಕುವುದು ವ್ಯರ್ಥವೆನ್ನಬಹುದು. 1917ರ ಕಾನೂನು ಏಷ್ಯಾದ ಬಹುಭಾಗದ ಜನರನ್ನು, ನಮ್ಮವರನ್ನೂ ಸೇರಿಸಿ, ಒಳಗೆ ಬಿಡದಂತೆ ತಡೆದಿತ್ತು. 1924ರ ಕಾನೂನು ಇಟಲಿ, ಪೋಲೆಂಡ್ ಕಡೆಯವರಿಗೂ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಆರ್ಚರ್ಡ್ ಬೀದಿಯ ಬಿಡಾರಗಳಿಗೆ ಹೊಸಬರು ಬರುವುದು ಕಡಿಮೆಯಾದದ್ದೂ ಹೀಗೆಯೇ. 1946ರಲ್ಲಿ ಭಾರತಕ್ಕೆ ಸಿಕ್ಕ ಪಾಲು ವರ್ಷಕ್ಕೆ ನೂರು ಜನ! ಹೆಬ್ಬಾಗಿಲು ತೆರೆದದ್ದು 1965ರ ಕಾನೂನಿನಿಂದ. ಇಂದು ಅಮೆರಿಕದ ಊರೂರುಗಳಲ್ಲಿ ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವ ಆಚರಿಸುತ್ತಿರುವುದರ ಹಿಂದೆ ಆ ಕಾನೂನಿದೆ. 2017ರಲ್ಲಿ ಸಂಗ್ರಹಾಲಯ ಅದೇ ಬೀದಿಯ 103ನೇ ನಂಬರಿನ ಕಟ್ಟಡದಲ್ಲಿ ತೆರೆದ ಬಿಡಾರಗಳು ಈ ಎರಡನೇ ಕಾಲದ್ದು. ಹಿಟ್ಲರನ ಶಿಬಿರಗಳಿಂದ ಬದುಕಿ ಬಂದ ಎಪ್ಸ್‌ಟೈನ್ ದಂಪತಿಗಳು, ಪೋರ್ಟೊರಿಕೊದಿಂದ ಬಂದ ತಾಯಿ ಮಕ್ಕಳು, ಚೀನಾ ಮೂಲದ ವಾಂಗ್ ಸಂಸಾರ. ವಾಂಗ್ ಮನೆಯ ತಾಯಿಯೂ ಹೊಲಿದದ್ದು ಬಟ್ಟೆ ಕಾರ್ಖಾನೆಯಲ್ಲೇ. ನತಾಲಿಯ ಕಾಲದಿಂದ ನೂರು ವರ್ಷ ಕಳೆದರೂ ಯಂತ್ರದ ಮುಂದೆ ಕುಳಿತವಳು ಬೇರೆ ದೇಶದ ತಾಯಿ, ಅಷ್ಟೇ. ಇಲ್ಲಿ ನೆನಪು ಹೇಳಿದವರು, ಸಾಮಾನು ಜೋಡಿಸಲು ನೆರವಾದವರು ಆಯಾ ಮನೆಗಳ ಮಕ್ಕಳೇ.

ಮಗಳ ಬಾಣಂತನಕ್ಕೆಂದೋ, ಮಗನ ಮನೆ ನೋಡಲೆಂದೋ ನ್ಯೂಜೆರ್ಸಿಗೆ ಹೋಗಿ ಆರು ತಿಂಗಳು ಕಳೆಯುವ ನಮ್ಮ ತಂದೆತಾಯಂದಿರು ಈಗ ಬಹಳ. ಅವರಿಗೆ ಇದು ಒಂದು ದಿನದ ಹಾದಿ. ಡೆಲಾನ್ಸಿ-ಎಸೆಕ್ಸ್ ಎಂಬ ಸುರಂಗ ರೈಲು ನಿಲ್ದಾಣದಲ್ಲಿ ಇಳಿದರೆ ಹೆಚ್ಚು ನಡೆಯಬೇಕಿಲ್ಲ. ಟಿಕೆಟ್ ಕೊಡುವುದು 103ನೇ ನಂಬರಿನ ಕಟ್ಟಡದಲ್ಲಿ. ಯಾವ ಸಂಸಾರದ ಕಥೆ ಕೇಳಬೇಕೆಂದು ಮೊದಲೇ ಆರಿಸಿ ಕಾದಿರಿಸಿಕೊಳ್ಳುವುದು ಕ್ಷೇಮ. ರಜಾ ದಿನಗಳಲ್ಲಿ ನೂಕುನುಗ್ಗಲು. 97ನೇ ನಂಬರಿನಲ್ಲಿ ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು, ಬೆಳಕು ಮಂದ. ಮಂಡಿನೋವಿನವರು ಕಟ್ಟಡದೊಳಗೆ ಹತ್ತದೆ ಬೀದಿಯಲ್ಲೇ ನಡೆಸುವ ಸುತ್ತನ್ನು ಆರಿಸಿಕೊಂಡರೆ ವಾಸಿ. ಹತ್ತುವವರು ಮಾತ್ರ ಒಂದು ಬಿಡಾರವನ್ನು ತಪ್ಪದೆ ಗಮನಿಸಬೇಕು. ಅದನ್ನು ದುರಸ್ತಿ ಮಾಡದೆ, 1988ರಲ್ಲಿ ಸಿಕ್ಕ ಸ್ಥಿತಿಯಲ್ಲೇ ಬಿಟ್ಟಿದ್ದಾರೆ. ಹರಿದ ಕಾಗದ, ಸುಲಿದ ಬಣ್ಣ, ಬರಿಯ ನೆಲ.

ಮಕ್ಕಳು ಜೊತೆಗಿದ್ದರೆ ಹಿಂದಿರುಗುವಾಗ ಹತ್ತಿರದಲ್ಲೇ ಇರುವ ಸೀವರ್ಡ್ ಉದ್ಯಾನಕ್ಕೂ ಹೋಗಬಹುದು. ಮನೆಯೊಳಗೆ ಕಾಲು ಚಾಚಲೂ ಜಾಗವಿಲ್ಲದ ಟೆನೆಮೆಂಟ್ ಮಕ್ಕಳು ಆಡಲೆಂದು 1903ರಲ್ಲಿ ಅಲ್ಲಿ ಆಟದ ಬಯಲು ಮಾಡಿದರು. ಅಮೆರಿಕದಲ್ಲಿ ಒಂದು ನಗರಸಭೆ ತಾನೇ ಕಟ್ಟಿದ ಮೊದಲ ಶಾಶ್ವತ ಆಟದ ಬಯಲು ಅದು. ಪಕ್ಕದಲ್ಲೇ 1909ರ ಸಾರ್ವಜನಿಕ ಗ್ರಂಥಾಲಯ. ಬೇಸಿಗೆಯ ಸೆಕೆಯಲ್ಲಿ ಮಕ್ಕಳು ಗಾಳಿಗೆ ಕುಳಿತು ಓದಲೆಂದು ಅದರ ತಾರಸಿಯ ಮೇಲೂ ಆಗ ಓದುವ ಜಾಗ ಮಾಡಿಕೊಟ್ಟಿದ್ದರು.